ಕೆಮ್ಮಿನ ಸಿರಪ್‌ನಿಂದ ಗೋಷೆ ಕಾಯಿಲೆ ಗುಣವಾಗುತ್ತದೆಯೇ? ಅಣ್ಣನ ಮಗನ ವಿಷಯ, ದಯವಿಟ್ಟು ತಿಳಿದವರು ಹೇಳಿ

ತಿಪಟೂರಿನ_ಅತ್ತೆ
ನಮಸ್ಕಾರ. ನನ್ನ ಅಣ್ಣನ ಮಗನಿಗೆ ನಾಲ್ಕು ವರ್ಷ, ತೂಕ 13 ಕಿಲೋ. ಎರಡು ತುಂಬುವ ಮೊದಲೇ ಹೊಟ್ಟೆ ದಪ್ಪವಾಗತೊಡಗಿತ್ತು. ಜಂತುಹುಳು ಇರಬೇಕೆಂದು ಮೂರು ಸಲ ಔಷಧಿ ಕುಡಿಸಿದೆವು. ಚಡ್ಡಿಯ ಎಲಾಸ್ಟಿಕ್ ಹೊಕ್ಕುಳಿನಿಂದ ಮೇಲೆ ಏರುವುದೇ ಇಲ್ಲ. ನಮ್ಮಮ್ಮ "ನನ್ನ ಗಣಪತಿ" ಎಂದು ಮುದ್ದು ಮಾಡುತ್ತಿದ್ದರು. ಈಗ ಹಾಗೆ ಕರೆಯುವುದನ್ನು ಬಿಟ್ಟಿದ್ದಾರೆ.

ಪದೇ ಪದೇ ಮೂಗಿನಲ್ಲಿ ರಕ್ತ ಬರುತ್ತಿತ್ತು, ಪ್ಲೇಟ್‌ಲೆಟ್ ಕಡಿಮೆ ಇತ್ತು. ಸ್ಕ್ಯಾನ್ ಮಾಡಿದಾಗ ಗುಲ್ಮ (ಸ್ಪ್ಲೀನ್) ವಿಪರೀತ ಊದಿರುವುದು ಗೊತ್ತಾಯಿತು. ಬೆಂಗಳೂರಿಗೆ ರಕ್ತ ಕಳಿಸಿ ಕಿಣ್ವದ ಪರೀಕ್ಷೆ, ಆಮೇಲೆ ವಂಶವಾಹಿ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ "ಜಿಬಿಎ1, ಎಲ್444ಪಿ, ಹೋಮೋಜೈಗಸ್" ಎಂದಿದೆ. ಕಾಯಿಲೆಯ ಹೆಸರು ಗೋಷೆ.

ಮೊನ್ನೆ ನೆಂಟರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿದರು. ಆಂಬ್ರಾಕ್ಸಾಲ್ ಎಂಬ ಕೆಮ್ಮಿನ ಔಷಧಿಯಿಂದ ಇದೇ ಕಾಯಿಲೆ ವಾಸಿಯಾಗುತ್ತದಂತೆ, ಕಂಪನಿಗಳು ಮುಚ್ಚಿಟ್ಟಿವೆಯಂತೆ. ಮನೆಯಲ್ಲಿ ಆ ಸಿರಪ್ ಇದ್ದೇ ಇತ್ತು. ಅಣ್ಣ ನಿನ್ನೆ ರಾತ್ರಿ ಎರಡು ಚಮಚ ಕುಡಿಸಿಬಿಟ್ಟಿದ್ದಾನೆ. ಇದು ನಿಜವೇ? ಕೆಮ್ಮಿನ ಔಷಧಿಗೂ ಗುಲ್ಮಕ್ಕೂ ಏನು ಸಂಬಂಧ?

ಔಷಧದಂಗಡಿ_ಹಾಸನ
ಮೊದಲು ಆ ಬಾಟಲಿಯನ್ನು ಎತ್ತಿಡಿ. ಹಣೆಪಟ್ಟಿಯಲ್ಲಿ 5 ಮಿಲಿಗೆ ಏನೇನು ಬರೆದಿದೆ ಎಂದು ನೋಡಿ ಹೇಳಿ.

ಕಷಾಯಪ್ರಿಯ
ವಾಟ್ಸಾಪ್ ಎಂದಾಕ್ಷಣ ಸುಳ್ಳು ಎನ್ನಬೇಡಿ. ಆಂಬ್ರಾಕ್ಸಾಲ್ ಹುಟ್ಟಿದ್ದೇ ನಮ್ಮ ಆಡುಸೋಗೆಯಿಂದ. ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು.

ತಿಪಟೂರಿನ_ಅತ್ತೆ
5 ಮಿಲಿಗೆ ಆಂಬ್ರಾಕ್ಸಾಲ್ 15 ಮಿ.ಗ್ರಾಂ., ಟರ್ಬುಟಲಿನ್ 1.25 ಮಿ.ಗ್ರಾಂ., ಗ್ವಾಯ್ಫೆನೆಸಿನ್ 50 ಮಿ.ಗ್ರಾಂ.

ಔಷಧದಂಗಡಿ_ಹಾಸನ
ನಾನು ಹೆದರಿದ್ದು ಇದಕ್ಕೇ. ನಮ್ಮಲ್ಲಿ ಬಿಕರಿಯಾಗುವ ಬಹುಪಾಲು ಸಿರಪ್‌ಗಳು ಹೀಗೆ ಮೂರು ಔಷಧಿಗಳ ಕಲಸುಮೇಲೋಗರ.

ಲೆಕ್ಕ ಹಾಕೋಣ. ಗೋಷೆ ಕಾಯಿಲೆಯವರಿಗೆ ಆಂಬ್ರಾಕ್ಸಾಲ್ ಕೊಟ್ಟು ನೋಡಿದ ಜಪಾನಿನ ಪ್ರಯೋಗದಲ್ಲಿ ದಿನಕ್ಕೆ ಕಿಲೋ ತೂಕಕ್ಕೆ 25 ಮಿ.ಗ್ರಾಂ. ಕೊಟ್ಟಿದ್ದರು. ನಿಮ್ಮ ಮಗುವಿನ 13 ಕಿಲೋಗೆ 325 ಮಿ.ಗ್ರಾಂ. ಆಯಿತು. ಈ ಸಿರಪ್‌ನಲ್ಲಿ ಅಷ್ಟು ಸಿಗಬೇಕಾದರೆ ದಿನಕ್ಕೆ 22 ಚಮಚ, ಅಂದರೆ 110 ಮಿಲಿ ಕುಡಿಸಬೇಕು. ಅದರ ಜೊತೆ ಉಸಿರುನಾಳ ಹಿಗ್ಗಿಸುವ ಔಷಧಿ ಟರ್ಬುಟಲಿನ್ 27 ಮಿ.ಗ್ರಾಂ. ಹೊಟ್ಟೆಗೆ ಹೋಗುತ್ತದೆ. ದೊಡ್ಡವರಿಗೇ ದಿನಕ್ಕೆ 15 ಮಿ.ಗ್ರಾಂ. ದಾಟಬಾರದು. ಮಗುವಿನ ಎದೆ ಡವಡವ ಹೊಡೆದುಕೊಂಡು ಅನಾಹುತವಾಗುತ್ತದೆ. ಎರಡು ಚಮಚದಿಂದ ಗೋಷೆಗೆ ಏನೂ ಆಗುವುದಿಲ್ಲ, 22 ಚಮಚದಿಂದ ಮಗುವಿಗೆ ಆಗಬಾರದ್ದು ಆಗುತ್ತದೆ.

ಮಕ್ಕಳ_ಡಾಕ್ಟರ್_ಧಾರವಾಡ
ಔಷಧದಂಗಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಿನ್ನೆಯ ಎರಡು ಚಮಚಕ್ಕೆ ಗಾಬರಿಯಾಗಬೇಡಿ. ಮಗು ನಡುಗುತ್ತಿದ್ದರೆ, ಎದೆಬಡಿತ ಜೋರಾಗಿದ್ದರೆ ಮಾತ್ರ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತೆ ಕುಡಿಸಬೇಡಿ.

ಒಂದು ಪ್ರಶ್ನೆ: ಮಗು ಪಕ್ಕಕ್ಕೆ ನೋಡುವಾಗ ಕಣ್ಣಷ್ಟೇ ಹೊರಳಿಸುತ್ತಾನೋ, ಇಲ್ಲ ತಲೆಯನ್ನೇ ತಿರುಗಿಸುತ್ತಾನೋ?

ತಿಪಟೂರಿನ_ಅತ್ತೆ
ಇದನ್ನು ಯಾರೂ ಕೇಳಿರಲಿಲ್ಲ. ಜಗುಲಿಯಲ್ಲಿ ಕುಳಿತು ರಸ್ತೆಯ ಬಸ್ಸು ನೋಡುವುದೆಂದರೆ ಅವನಿಗೆ ಪ್ರಾಣ. ಬಸ್ಸು ಬಂದಾಗ ಒಮ್ಮೆ ಕಣ್ಣು ಪಟಕ್ಕನೆ ಮಿಟುಕಿಸಿ ಇಡೀ ತಲೆಯನ್ನು ಜಗ್ಗಿ ತಿರುಗಿಸುತ್ತಾನೆ. ಕೋಳಿಮರಿಯ ಹಾಗೆ ಮಾಡುತ್ತಾನೆ ಎಂದು ನಾವು ನಗುತ್ತಿದ್ದೆವು.

ಮಕ್ಕಳ_ಡಾಕ್ಟರ್_ಧಾರವಾಡ
ಈ ಮಾತನ್ನು ನಿಮ್ಮ ತಜ್ಞರಿಗೆ ಮರೆಯದೆ ಹೇಳಿ. ಸಾಧ್ಯವಾದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಗೋಷೆಯಲ್ಲಿ ಮೂರು ವಿಧ. ಮೊದಲನೆಯದು ಗುಲ್ಮ, ಯಕೃತ್ತು, ಮೂಳೆಗಳನ್ನು ಕಾಡುತ್ತದೆ. ಎರಡನೆಯದು ಹಸುಗೂಸುಗಳಲ್ಲಿ ಬಹಳ ತೀವ್ರ. ಮೂರನೆಯದರಲ್ಲಿ ನರಮಂಡಲವೂ ನಿಧಾನವಾಗಿ ಸಿಕ್ಕಿಕೊಳ್ಳುತ್ತದೆ, ಕಣ್ಣು ಅಡ್ಡಕ್ಕೆ ಹೊರಳದಿರುವುದು ಅದರ ಮೊದಲ ಗುರುತುಗಳಲ್ಲೊಂದು. ಎಲ್444ಪಿ ತಾಯಿ ತಂದೆ ಎರಡೂ ಕಡೆಯಿಂದ ಬಂದಿದ್ದರೆ (ವರದಿಯ ಹೋಮೋಜೈಗಸ್ ಎಂದರೆ ಅದೇ) ಮೂರನೆಯ ವಿಧದ ಸಾಧ್ಯತೆ ಹೆಚ್ಚು. ಭಾರತದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ ಮ್ಯುಟೇಶನ್ (ವಂಶವಾಹಿಯ ದೋಷ). ಫೋಟೋ ನೋಡದೆ, ಮಗುವನ್ನು ನೋಡದೆ ನಾನು ಇದೇ ಎಂದು ಹೇಳಲಾರೆ.

ನಿವೃತ್ತ_ರಸಾಯನ_ಮೇಷ್ಟ್ರು
ಅತ್ತೆಯವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕೆಮ್ಮಿನ ಔಷಧಿಗೂ ಗುಲ್ಮಕ್ಕೂ ಏನು ಸಂಬಂಧ? ಸಂಬಂಧ ಇದೆ, ಸೊಗಸಾದದ್ದೇ ಇದೆ.

ಜೀವಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿರುತ್ತವೆ, ಹಳೆಯ ಸಾಮಾನನ್ನು ಅರೆದು ಕರಗಿಸುವುದು ಅವುಗಳ ಕೆಲಸ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಇವನ್ನು ಕಂಡುಹಿಡಿದರು. ಇವುಗಳೊಳಗೆ ಹತ್ತಾರು ಕಿಣ್ವಗಳಿವೆ. ಯಾವುದಾದರೂ ಒಂದು ಕೈಕೊಟ್ಟರೆ ಅದು ಕರಗಿಸಬೇಕಾದ ವಸ್ತು ಅಲ್ಲೇ ಗುಡ್ಡೆ ಬೀಳುತ್ತದೆ. ಗೋಷೆಯಲ್ಲಿ ಕೈಕೊಡುವುದು ಗ್ಲುಕೋಸೆರೆಬ್ರೊಸೈಡೇಸ್ (ವರದಿಯಲ್ಲಿರುವ ಜಿಬಿಎ1 ಇದರ ವಂಶವಾಹಿ). ಗುಡ್ಡೆ ಬೀಳುವುದು ಒಂದು ಬಗೆಯ ಸಕ್ಕರೆ ಅಂಟಿದ ಕೊಬ್ಬು. ಗುಲ್ಮ ಊದುವುದು ಆ ಕೊಬ್ಬು ತುಂಬಿಕೊಂಡ ಕೋಶಗಳಿಂದ. 1882ರಲ್ಲಿ ಫಿಲಿಪ್ ಗೋಷೆ ಮೊದಲ ರೋಗಿಯನ್ನು ವಿವರಿಸಿದಾಗ ಗುಲ್ಮದ ಗಂತಿ ಎಂದೇ ತಿಳಿದಿದ್ದರು.

ಕಿಣ್ವ ಕೈಕೊಡುವುದೆಂದರೆ ಏನು? ಅನೇಕ ರೋಗಿಗಳಲ್ಲಿ ಕಿಣ್ವ ತಯಾರಾಗಿಯೇ ಇರುತ್ತದೆ, ಅಷ್ಟಿಷ್ಟು ಕೆಲಸ ಮಾಡುವ ಶಕ್ತಿಯೂ ಅದಕ್ಕಿರುತ್ತದೆ. ಮಡಿಕೆ ಮಾತ್ರ ಸರಿ ಕೂತಿರುವುದಿಲ್ಲ. ಪ್ರೋಟೀನ್ ಎಂದರೆ ಉದ್ದನೆಯ ಎಳೆ. ಅದು ಸೀರೆಯ ಹಾಗೆ ನೆರಿಗೆ ನೆರಿಗೆಯಾಗಿ ಮಡಿಸಿಕೊಂಡರಷ್ಟೇ ಉಪಯೋಗಕ್ಕೆ ಬರುತ್ತದೆ. ಈ ಮಡಿಕೆ ನಡೆಯುವ ಕೋಣೆಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂದು ಹೆಸರು. ಬಾಗಿಲಲ್ಲಿ ಬಿಗಿ ತಪಾಸಣೆ ಇದೆ. ನೆರಿಗೆ ಸ್ವಲ್ಪ ಸರಿದಿದ್ದರೂ ಹೊರಗೆ ಬಿಡದೆ ಎಳೆದು ಚೂರು ಮಾಡಿಸಿಬಿಡುತ್ತಾರೆ. ಹಾಗಾಗಿ ದುಡಿಯಬಲ್ಲ ಕಿಣ್ವವೂ ಲೈಸೋಸೋಮಿಗೆ ತಲುಪುವ ಮುನ್ನವೇ ನಾಶವಾಗುತ್ತದೆ.

ಸೀರೆ ಉಡುವಾಗ ಪಾದದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ತಂಗಿ ನೆರಿಗೆ ಹಿಡಿದುಕೊಳ್ಳುತ್ತಾಳಲ್ಲ, ಅದೇ ಕೆಲಸವನ್ನು ಒಂದು ಸಣ್ಣ ಅಣು ಮಾಡಬಹುದು. ಅದಕ್ಕೆ ಚಾಪರೋನ್ ಔಷಧಿ ಎನ್ನುತ್ತಾರೆ. ಆಂಬ್ರಾಕ್ಸಾಲ್‌ಗೆ ಈ ಗುಣ ಇದೆಯೆಂದು 2009ರಲ್ಲಿ ಟೊರಾಂಟೊದ ತಂಡ ಕಂಡುಕೊಂಡಿತು. ಬಳಕೆಯಲ್ಲಿದ್ದ ಔಷಧಗಳನ್ನು ಒಂದೊಂದಾಗಿ ಜರಡಿ ಹಿಡಿಯುವಾಗ ಇದು ಸಿಕ್ಕಿತು. ಯಾರೂ ಮುಚ್ಚಿಟ್ಟಿಲ್ಲ, ಎಲ್ಲವೂ ಪ್ರಕಟವಾಗಿದೆ.

ಪದಕಡ್ಡಿ
ಮೇಷ್ಟ್ರೇ, "ಚಾಪರೋನ್" ಎಂದು ಹಾಗೆಯೇ ಇಳಿಸುವುದೇಕೆ? ಬೆಂಗಾವಲು ಎನ್ನಬಹುದಲ್ಲ?

ನಿವೃತ್ತ_ರಸಾಯನ_ಮೇಷ್ಟ್ರು
ಬೆಂಗಾವಲು ಎಂದರೆ ಮಂತ್ರಿಯ ಕಾರಿನ ಹಿಂದಿನ ಜೀಪು ಕಣ್ಣಿಗೆ ಬರುತ್ತದೆ. ಮೂವತ್ತೆರಡು ವರ್ಷ ಪಾಠ ಮಾಡಿಯೂ ನನಗೆ ಒಳ್ಳೆಯ ಪದ ಸಿಕ್ಕಿಲ್ಲ.

ಹ್ಯಾಂಬರ್ಗ್_ಕನ್ನಡತಿ
ಕಳಸಗಿತ್ತಿ! ಮದುವೆಯಲ್ಲಿ ಹೆಣ್ಣಿನ ಪಕ್ಕದಲ್ಲಿ ಕಳಸ ಹಿಡಿದು ನಡೆಯುವವಳು. ಧಾರೆ ಮುಗಿದ ಮೇಲೆ ಅವಳಿಗೆ ಅಲ್ಲಿ ಕೆಲಸವಿಲ್ಲ.

ಪದಕಡ್ಡಿ
ಒಪ್ಪಿದೆ. ನಿಘಂಟಿಗೆ ಸೇರಿಸಿ.

ಕೋಡುಗಾರ_ಬೆಂಗಳೂರು
ಒಂದು ಮೂಲಭೂತ ಸಂದೇಹ. ಪ್ರೋಟೀನ್ ಮಡಿಕೆಯ ಸಮಸ್ಯೆಯನ್ನು ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬಿಡಿಸಿ 2024ರ ನೊಬೆಲ್ ಕೂಡ ಬಂದಾಯಿತು. ಇನ್ನೂ ಕೆಮ್ಮಿನ ಔಷಧಿಯನ್ನು ಜರಡಿ ಹಿಡಿಯುವ ಮಾತೇಕೆ? ಕಂಪ್ಯೂಟರಿಗೆ ಕೊಟ್ಟರೆ ಸರಿಯಾದ ಅಣುವನ್ನು ಅದೇ ಹೇಳುವುದಿಲ್ಲವೇ?

ಪ್ರೋಟೀನ್_ಪಾರ್ವತಿ
ಇಲ್ಲ. ಆಲ್ಫಾಫೋಲ್ಡ್ ಹೇಳುವುದು ಮಡಿಕೆ ಮುಗಿದ ಮೇಲಿನ ಆಕಾರವನ್ನು. ಉಟ್ಟು ನಿಂತ ಫೋಟೋ ನೋಡಿ ಸೀರೆ ಉಡುವುದನ್ನು ಕಲಿಯಲಾಗುತ್ತದೆಯೇ? ನೆರಿಗೆ ಎಲ್ಲಿ ಜಾರಿತು, ತಪಾಸಣೆಯವರು ಏಕೆ ತಡೆದರು ಎನ್ನುವುದನ್ನು ಅದು ಹೇಳುವುದಿಲ್ಲ. ಅಲ್ಲದೆ ಈ ಕಿಣ್ವದ ಆಕಾರ 2003ರಿಂದಲೇ ಸ್ಫಟಿಕದಲ್ಲಿ ಕಂಡದ್ದು, ಆಲ್ಫಾಫೋಲ್ಡ್‌ಗೆ ಕಾಯಬೇಕಾಗಿಯೇ ಇರಲಿಲ್ಲ. ಆಕಾರ ಗೊತ್ತಿದ್ದೂ ಇಪ್ಪತ್ತು ವರ್ಷ ಒದ್ದಾಡಿದ್ದೇವೆ.

ಎಲ್444ಪಿ ಎನ್ನುವುದನ್ನೇ ತೆಗೆದುಕೊಳ್ಳಿ. 444ನೇ ಜಾಗದಲ್ಲಿ ಲ್ಯೂಸೀನ್ ಇರಬೇಕಿತ್ತು, ಪ್ರೋಲೀನ್ ಬಂದು ಕೂತಿದೆ. ಪ್ರೋಲೀನ್‌ನ ಬಾಲ ತನ್ನದೇ ಬೆನ್ನಿಗೆ ಕಟ್ಟಿಕೊಂಡಿರುತ್ತದೆ, ಹೀಗಾಗಿ ಬೇರೆ ಅಮೈನೋ ಆಮ್ಲಗಳಂತೆ ಬೇಕಾದ ಕಡೆ ಬಾಗುವುದಿಲ್ಲ. ರಾಮಚಂದ್ರನ್ ನಕ್ಷೆ ಕೇಳಿದ್ದೀರಲ್ಲ? ಯಾವ ಕೋನದಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಬಾರದು ಎಂದು ತೋರಿಸುವ ನಕ್ಷೆ. ಅದರಲ್ಲಿ ಪ್ರೋಲೀನ್‌ಗೆ ಸಿಗುವುದು ಕಿರಿದಾದ ಪಟ್ಟಿಯಷ್ಟೇ ಜಾಗ.

ಕೋಡುಗಾರ_ಬೆಂಗಳೂರು
ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾದ ನಕ್ಷೆ ಎಂಬ ಹೆಮ್ಮೆ ಇರಲಿ.

ಪ್ರೋಟೀನ್_ಪಾರ್ವತಿ
ಹೆಮ್ಮೆ ಇರಲಿ, ಇಸವಿಯೂ ಇರಲಿ. ನಕ್ಷೆ ಪ್ರಕಟವಾದದ್ದು 1963ರಲ್ಲಿ, ಆಗ ಜಿ.ಎನ್. ರಾಮಚಂದ್ರನ್ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದರು. ರಾಮಕೃಷ್ಣನ್, ಶಶಿಶೇಖರನ್ ಜೊತೆಗಿದ್ದರು. ಬೆಂಗಳೂರಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ದು ಆಮೇಲೆ.

ಔಷಧದಂಗಡಿ_ಹಾಸನ
ವರದಿಗಳ ಬಗ್ಗೆ ಒಂದು ಮಾತು. ಕೆಲವು ಪ್ರಯೋಗಾಲಯಗಳು ಇದನ್ನೇ 483 ಎಂದು ಬರೆಯುತ್ತವೆ. ಎರಡು ಬೇರೆ ಬೇರೆ ದೋಷವೆಂದು ತಿಳಿದು ಅಳುತ್ತಾ ಬಂದವರನ್ನು ನೋಡಿದ್ದೇನೆ.

ಪ್ರೋಟೀನ್_ಪಾರ್ವತಿ
ಹೌದು, ಎರಡೂ ಒಂದೇ. ಕಿಣ್ವ ತಯಾರಾದಾಗ ಮುಂದೆ 39 ಅಮೈನೋ ಆಮ್ಲಗಳ ವಿಳಾಸದ ಚೀಟಿ ಇರುತ್ತದೆ, ಆಮೇಲೆ ಅದನ್ನು ಕತ್ತರಿಸಲಾಗುತ್ತದೆ. ಹಳೆಯ ಎಣಿಕೆ ಚೀಟಿಯನ್ನು ಬಿಟ್ಟು, ಹೊಸದು ಸೇರಿಸಿ. 444ಕ್ಕೆ 39 ಕೂಡಿಸಿದರೆ 483.

ಹ್ಯಾಂಬರ್ಗ್_ಕನ್ನಡತಿ
ನನ್ನ ಗಂಡನಿಗೆ ಇದರದ್ದೇ ದಾಯಾದಿ ಕಾಯಿಲೆ, ಫ್ಯಾಬ್ರಿ. ಅದರಲ್ಲಿ ಕೈಕೊಡುವುದು ಲೈಸೋಸೋಮಿನ ಬೇರೊಂದು ಕಿಣ್ವ. ಅದಕ್ಕೆ ಕಳಸಗಿತ್ತಿ ಔಷಧಿ ಬಂದಿದೆ, ಹಾಗಾಗಿ ಹೇಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಅವರು ಬೆಳೆದದ್ದು ಬಳ್ಳಾರಿಯಲ್ಲಿ. ಬೆವರೇ ಬರುತ್ತಿರಲಿಲ್ಲ. ಬಳ್ಳಾರಿಯ ಏಪ್ರಿಲ್‌ನಲ್ಲಿ ಬೆವರದ ಹುಡುಗ! ಆಟದ ಪೀರಿಯಡ್ ಬಂದರೆ ಅಂಗೈ ಅಂಗಾಲಿಗೆ ಕೆಂಡ ಮೆತ್ತಿದಂತೆ ಉರಿ. ಕೊಳಾಯಿಯ ಕೆಳಗೆ ಕಾಲು ಹಿಡಿದು ನಿಂತಿರುತ್ತಿದ್ದರಂತೆ. ಆಟದಿಂದ ತಪ್ಪಿಸಿಕೊಳ್ಳುವ ನಾಟಕ ಎಂದು ಮೇಷ್ಟ್ರು ಬೆತ್ತದಲ್ಲಿ ಬಾರಿಸುತ್ತಿದ್ದರು (ರಸಾಯನ ಮೇಷ್ಟ್ರಿಗೆ ಹೇಳಿದ್ದಲ್ಲ). ಕಾಯಿಲೆ ಗೊತ್ತಾದದ್ದು 34ನೇ ವಯಸ್ಸಿನಲ್ಲಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದ ಮೇಲೆ.

ಔಷಧಿಯ ಹೆಸರು ಮಿಗಲಾಸ್ಟಾಟ್, ಯುರೋಪಿನಲ್ಲಿ 2016ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. 123 ಮಿ.ಗ್ರಾಂ.ನ ಗುಳಿಗೆ, ದಿನ ಬಿಟ್ಟು ದಿನ. ನುಂಗುವ ಮುಂಚೆ ಎರಡು ಗಂಟೆ, ಆಮೇಲೆ ಎರಡು ಗಂಟೆ ಏನೂ ತಿನ್ನುವಂತಿಲ್ಲ. ಗುಳಿಗೆಯ ದಿನ ಮನೆಯಲ್ಲಿ ತಿಂಡಿ ಹೊತ್ತಾಗಿ, ಸಿಡುಕು ಹೊತ್ತಿಗೆ ಮುಂಚೆ. ದಿನ ಬಿಟ್ಟು ದಿನ ಏಕೆ ಎಂದು ಕೇಳಿದ್ದೆ. ಈ ಅಣು ಕಿಣ್ವದ ಕೆಲಸ ಮಾಡುವ ಬಾಯಿಯಲ್ಲೇ ಹೋಗಿ ಕೂರುತ್ತದೆ, ಅದು ಎದ್ದು ಹೋದರಷ್ಟೇ ಕಿಣ್ವ ದುಡಿಯಲು ಸಾಧ್ಯ, ಆದ್ದರಿಂದ ಒಂದು ದಿನ ಬಿಡುವು ಎಂದರು ವೈದ್ಯರು. ಕಳಸಗಿತ್ತಿ ಎಂಬ ಪದ ನನಗೆ ಹೊಳೆದದ್ದು ಅದಕ್ಕೇ.

ಆದರೆ ಅತ್ತೆಯವರೇ, ಮುಖ್ಯ ವಿಷಯ ಇದು: ಫ್ಯಾಬ್ರಿ ಇರುವ ಎಲ್ಲರಿಗೂ ಈ ಗುಳಿಗೆ ಕೊಡುವುದಿಲ್ಲ. ನಿಮ್ಮ ಮ್ಯುಟೇಶನ್ ಯಾವುದು ಎಂದು ಪಟ್ಟಿಯಲ್ಲಿ ಹುಡುಕುತ್ತಾರೆ. ಇದ್ದರೆ ಸರಿ. ನನ್ನ ಗಂಡನದು ಪಟ್ಟಿಯಲ್ಲಿತ್ತು. ಅದೇ ಕ್ಲಿನಿಕ್‌ನಲ್ಲಿ ನಮಗೆ ಪರಿಚಯವಾದ ಇನ್ನೊಬ್ಬರದು ಇರಲಿಲ್ಲ, ಅವರು ಎರಡು ವಾರಕ್ಕೊಮ್ಮೆ ಕಿಣ್ವದ ಡ್ರಿಪ್ ಹಾಕಿಸಿಕೊಳ್ಳುತ್ತಾರೆ.

ನಿವೃತ್ತ_ರಸಾಯನ_ಮೇಷ್ಟ್ರು
ಬೆತ್ತ ಹಿಡಿದವನು ನಾನೂ ಹೌದು. ಬೆವರದ ಹುಡುಗರನ್ನು ಗಮನಿಸಿದ ನೆನಪಿಲ್ಲ. ಓದಿ ಒಂದು ಗಂಟೆ ಸುಮ್ಮನೆ ಕುಳಿತಿದ್ದೆ.

ಪ್ರೋಟೀನ್_ಪಾರ್ವತಿ
ಹ್ಯಾಂಬರ್ಗ್ ಅಕ್ಕ ಹೇಳಿದ್ದರ ಕಹಿ ಮುಖವೂ ಇದೆ. ಗೋಷೆಗೆಂದು ಐಸೋಫಾಗೊಮೀನ್ ಎಂಬ ಅಣುವನ್ನು ತಂದಿದ್ದರು. ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಅದ್ಭುತ. ರೋಗಿಗಳ ಬಿಳಿರಕ್ತಕಣಗಳಲ್ಲಿ ಕಿಣ್ವದ ಮಟ್ಟವೂ ಏರಿತು. ಆದರೆ 2009ರ ಫಲಿತಾಂಶದಲ್ಲಿ 18 ಜನರಲ್ಲಿ ಹೇಳಿಕೊಳ್ಳುವಂತೆ ಚೇತರಿಸಿಕೊಂಡದ್ದು ಒಬ್ಬರೇ. ಅಣು ಕಿಣ್ವವನ್ನು ಲೈಸೋಸೋಮಿನವರೆಗೆ ಕರೆತಂದಿತು, ಆಮೇಲೆ ಬಾಯಿ ಬಿಟ್ಟು ಏಳಲಿಲ್ಲ ಎಂಬುದು ಬಹುಮಂದಿಯ ವಿವರಣೆ. ಕಳಸಗಿತ್ತಿ ಗಂಡನ ಮನೆಯಲ್ಲೇ ಠಿಕಾಣಿ ಹೂಡಿದ ಹಾಗೆ.

ಆಂಬ್ರಾಕ್ಸಾಲ್‌ನ ಚಂದ ಇರುವುದು ಇಲ್ಲೇ. ಮಡಿಕೆಯ ಕೋಣೆಯಲ್ಲಿ ಆಮ್ಲವಿಲ್ಲ, ಪಿಹೆಚ್ ಸುಮಾರು 7. ಅಲ್ಲಿ ಅದು ಗಟ್ಟಿಯಾಗಿ ಹಿಡಿಯುತ್ತದೆ. ಲೈಸೋಸೋಮ್ ಹುಣಸೆಹುಳಿ, ಪಿಹೆಚ್ ಸುಮಾರು 4.5. ಅಲ್ಲಿಗೆ ಬಂದಾಗ ಹಿಡಿತ ಸಡಿಲಿಸುತ್ತದೆ. ಜೊತೆಗೆ ಮಿದುಳಿಗೂ ತಲುಪುತ್ತದೆ. ಪಾರ್ಕಿನ್ಸನ್ ರೋಗಿಗಳ ಮೇಲೆ ಲಂಡನ್ನಿನಲ್ಲಿ ದಿನಕ್ಕೆ 1.26 ಗ್ರಾಂ ಕೊಟ್ಟು ನೋಡಿದ ಸಣ್ಣ ಪ್ರಯೋಗದಲ್ಲಿ (2020) ಮಿದುಳುಬಳ್ಳಿಯ ದ್ರವದಲ್ಲೂ ಅದು ಸಿಕ್ಕಿತು. ಆದರೆ ಎಲ್444ಪಿ ಕಿಣ್ವದ ಬಾಯಿಂದ ದೂರದ ಭಾಗದಲ್ಲಿರುವ ದೋಷ, ಮಡಿಕೆ ತೀರಾ ಕೆಟ್ಟಿರುತ್ತದೆ. ಯಹೂದಿಗಳಲ್ಲಿ ಹೆಚ್ಚಾಗಿರುವ ಎನ್370ಎಸ್ ಎಂಬ ಮ್ಯುಟೇಶನ್‌ನಂತೆ ಇದು ಸುಲಭಕ್ಕೆ ಬಗ್ಗುವುದಿಲ್ಲ.

ಮಕ್ಕಳ_ಡಾಕ್ಟರ್_ಧಾರವಾಡ
ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಜಪಾನಿನ ಆ ಪ್ರಯೋಗ (2016) ನರ ಸಂಬಂಧಿ ಗೋಷೆ ಇದ್ದ ಐವರ ಮೇಲೆಯೇ ನಡೆದದ್ದು. ಡ್ರಿಪ್ ಮುಂದುವರಿಸಿಕೊಂಡೇ ಆಂಬ್ರಾಕ್ಸಾಲ್ ಕೊಟ್ಟರು. ಕೆಲವರಲ್ಲಿ ಮೈ ಜರ್ಕು ಹೊಡೆಯುವುದು, ಫಿಟ್ಸ್ ಕಡಿಮೆಯಾಯಿತು. ಐದೇ ಜನ ಎಂಬುದನ್ನು ಮರೆಯಬಾರದು. ಕೊಡುವುದಾದರೆ ಬೇರೇನೂ ಬೆರೆಸದ ಆಂಬ್ರಾಕ್ಸಾಲ್ ಕೊಡಬೇಕು, ತಜ್ಞರು ಡೋಸ್ ನಿಗದಿ ಮಾಡಿ ಕಣ್ಣಿಟ್ಟಿರಬೇಕು.

ಡ್ರಿಪ್‌ನಲ್ಲಿ ಕೊಡುವ ಕಿಣ್ವವೇ ಇಂದಿಗೂ ಮುಖ್ಯ ಚಿಕಿತ್ಸೆ. 1991ರಲ್ಲಿ ಮೊದಲು ಬಂದಾಗ ಅದನ್ನು ಹೆರಿಗೆಯಾದವರ ಮಾಸುಗಳಿಂದ ತೆಗೆಯುತ್ತಿದ್ದರು, 1994ರಿಂದ ಪ್ರಯೋಗಾಲಯದ ಕೋಶಗಳಲ್ಲಿ ತಯಾರಾಗುತ್ತಿದೆ. ಗುಲ್ಮ ಇಳಿಯುತ್ತದೆ, ಪ್ಲೇಟ್‌ಲೆಟ್ ಏರುತ್ತದೆ. ಮಿದುಳಿಗೆ ಮಾತ್ರ ಹೋಗುವುದಿಲ್ಲ.

ಕಷಾಯಪ್ರಿಯ
ನಾನು ಆಗಲೇ ಹೇಳಿದೆನಲ್ಲ, ಆಡುಸೋಗೆ. ಕಷಾಯದಲ್ಲಿ ಟರ್ಬುಟಲಿನ್ ಇರುವುದಿಲ್ಲ. ಅದನ್ನೇ ಕುಡಿಸಿದರಾಯಿತು.

ನಿವೃತ್ತ_ರಸಾಯನ_ಮೇಷ್ಟ್ರು
ನೀವು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆಡುಸೋಗೆಯಲ್ಲಿ ವ್ಯಾಸಿಸೀನ್ ಇದೆ. ಅದರ ಮಾದರಿಯ ಮೇಲೆ ರಸಾಯನಶಾಸ್ತ್ರಜ್ಞರು ಬ್ರೋಮ್‌ಹೆಕ್ಸಿನ್ ಕಟ್ಟಿದರು. ಬ್ರೋಮ್‌ಹೆಕ್ಸಿನ್ ದೇಹದಲ್ಲಿ ಬದಲಾದಾಗ ಸಿಗುವುದು ಆಂಬ್ರಾಕ್ಸಾಲ್. ಅದರಲ್ಲಿ ಎರಡು ಬ್ರೋಮಿನ್ ಪರಮಾಣುಗಳಿವೆ. ನಿಮ್ಮ ಹಿತ್ತಲಿನ ಗಿಡಕ್ಕೆ ಬ್ರೋಮಿನ್ ಎಲ್ಲಿಂದ ಬಂತು? ಹತ್ತು ಕೊಡ ಕಷಾಯ ಕಾಯಿಸಿದರೂ ಒಂದು ಮಿ.ಗ್ರಾಂ. ಆಂಬ್ರಾಕ್ಸಾಲ್ ಸಿಗುವುದಿಲ್ಲ. ಕೆಮ್ಮಿಗೆ ನಾನೂ ಅದನ್ನೇ ಕುಡಿಯುತ್ತೇನೆ, ಆ ಮಾತು ಬೇರೆ.

ಕಷಾಯಪ್ರಿಯ
ಬ್ರೋಮಿನ್ ವಿಷಯ ಗೊತ್ತಿರಲಿಲ್ಲ. ಆದರೂ ಗಿಡವಿಲ್ಲದಿದ್ದರೆ ಔಷಧಿ ಇಲ್ಲ.

ನಿವೃತ್ತ_ರಸಾಯನ_ಮೇಷ್ಟ್ರು
ಒಪ್ಪುತ್ತೇನೆ.

ನೇರಮಾತು_ಮಂಡ್ಯ
ಎಲ್ಲರೂ ಬಳಸಿ ಬಳಸಿ ಮಾತಾಡುತ್ತಿದ್ದೀರಿ. ಒಂದೇ ಮ್ಯುಟೇಶನ್ ಎರಡೂ ಕಡೆಯಿಂದ ಬಂದಿದೆ ಎಂದರೆ ಸಂಬಂಧದಲ್ಲೇ ಮದುವೆ. ಮಾಡಿದ್ದುಣ್ಣೋ ಮಹರಾಯ.

ತಿಪಟೂರಿನ_ಅತ್ತೆ
ಹೌದು. ಅಣ್ಣ ಮದುವೆಯಾದದ್ದು ನಮ್ಮ ಸೋದರಮಾವನ ಮಗಳನ್ನು. ಆಸ್ತಿಗಾಗಿ ಅಲ್ಲ, ಅತ್ತಿಗೆಯ ಅಪ್ಪ ತೀರಿಕೊಂಡಾಗ ಅಮ್ಮ ಕೊಟ್ಟ ಮಾತು. ಅತ್ತಿಗೆ ಈ ಪುಟವನ್ನು ಓದುತ್ತಿದ್ದಾಳೆ. ಉಣ್ಣುತ್ತಿರುವುದು ಮಗು, ಮಾಡಿದವರಲ್ಲ.

ಮಕ್ಕಳ_ಡಾಕ್ಟರ್_ಧಾರವಾಡ
ಮಂಡ್ಯದವರೇ, ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಲ್ಲೂ ಎಲ್444ಪಿ ಎರಡೂ ಕಡೆಯಿಂದ ಬರುವುದನ್ನು ಕಂಡಿದ್ದೇನೆ. ಸಂಬಂಧದಲ್ಲಿ ಮದುವೆಯಾದರೆ ಸಾಧ್ಯತೆ ಹೆಚ್ಚುತ್ತದೆ, ನಿಜ. ಅದನ್ನು ಮದುವೆಗೆ ಮೊದಲು ಹೇಳಬೇಕು, ಮಗುವಿನ ತಾಯಿಯ ಮುಂದೆ ಅಲ್ಲ.

ಅತ್ತಿಗೆಯವರೇ, ಓದುತ್ತಿದ್ದೀರಾದ್ದರಿಂದ ನೇರವಾಗಿ ಹೇಳುತ್ತೇನೆ. ತಾಯಿ ತಂದೆ ಇಬ್ಬರಲ್ಲೂ ಒಂದೊಂದು ಒಳ್ಳೆಯ ಪ್ರತಿ ಇದೆ, ಆದ್ದರಿಂದ ನಿಮಗೆ ಗೋಷೆ ಬಂದಿಲ್ಲ. ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದಕ್ಕೆ ಬಂದಾಯಿತು, ಮುಂದಿನ ಮೂರಕ್ಕೆ ಬರುವುದಿಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಇನ್ನೊಂದು ಮಗು ಬೇಕೆನಿಸಿದರೆ ಮೊದಲೇ ವಂಶವಾಹಿ ಸಲಹೆಗಾರರನ್ನು ಕಾಣಿ. ಬಸಿರಿನ ಮೂರನೇ ತಿಂಗಳಲ್ಲೇ ಪರೀಕ್ಷೆ ಮಾಡಲು ಸಾಧ್ಯವಿದೆ.

ನೇರಮಾತು_ಮಂಡ್ಯ
ತಪ್ಪಾಯಿತು, ತಾಯಿ. ನನ್ನ ಮದುವೆಯೂ ಅಕ್ಕನ ಮಗಳೊಂದಿಗೇ. ಹೆದರಿಕೆಗೆ ಬಾಯಿ ಜೋರಾಯಿತು.

ಔಷಧದಂಗಡಿ_ಹಾಸನ
ದುಡ್ಡಿನ ಮಾತು ಯಾರೂ ಎತ್ತಿಲ್ಲ. ಕಿಣ್ವದ ಡೋಸ್ ತೂಕದ ಮೇಲೆ ಹೋಗುತ್ತದೆ, ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ, ಜೀವನಪರ್ಯಂತ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಗೋಷೆ ಇದೆ. 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು. ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕವೇ ಅರ್ಜಿ ಹೋಗಬೇಕು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಆ ಕೇಂದ್ರ ನಡೆಸುತ್ತವೆ. 50 ಲಕ್ಷ ಮುಗಿದ ಮೇಲೆ ಏನು ಎಂಬುದೇ ಎಲ್ಲ ಪೋಷಕರ ಪ್ರಶ್ನೆ.

2023ರಲ್ಲಿ ಎಲಿಗ್ಲುಸ್ಟಾಟ್ ಗುಳಿಗೆ ನಮ್ಮ ದೇಶದಲ್ಲೇ ತಯಾರಾಗಿ ವರ್ಷಕ್ಕೆ ಕೋಟಿಗಟ್ಟಲೆ ಇದ್ದ ಖರ್ಚು 3ರಿಂದ 6 ಲಕ್ಷಕ್ಕೆ ಇಳಿಯಿತೆಂದು ಪತ್ರಿಕೆಗಳಲ್ಲಿ ಬಂತು. ಯಾರಾದರೂ ಅದನ್ನು ಕಳಿಸಿ ಆಸೆ ಹುಟ್ಟಿಸುವ ಮೊದಲೇ ಹೇಳುತ್ತೇನೆ: ಅದು ಕೊಬ್ಬಿನ ತಯಾರಿಕೆಯನ್ನೇ ತಗ್ಗಿಸುವ ಔಷಧಿ, ಮೊದಲನೆಯ ವಿಧದ ದೊಡ್ಡವರಿಗಾಗಿ ಬಂದದ್ದು. ನಾಲ್ಕು ವರ್ಷದ ಈ ಮಗುವಿಗಲ್ಲ.

ಕೋಡುಗಾರ_ಬೆಂಗಳೂರು
ಅತ್ತೆಯವರೇ, ಬೆಂಗಳೂರಿಗೆ ಬರುವ ದಿನ ತಿಳಿಸಿ. ನನ್ನ ಮನೆ ಜಯನಗರದಲ್ಲಿ, ಆಸ್ಪತ್ರೆಗೆ ಹತ್ತಿರ. ಪ್ರೋಟೀನ್ ಗೊತ್ತಿಲ್ಲದಿದ್ದರೂ ಕಾರು ಓಡಿಸಲು ಬರುತ್ತದೆ.

ತಿಪಟೂರಿನ_ಅತ್ತೆ (ಹನ್ನೆರಡು ದಿನಗಳ ನಂತರ)
ಹೋಗಿ ಬಂದೆವು. ತಲೆ ತಿರುಗಿಸುವ ವಿಡಿಯೋವನ್ನು ಡಾಕ್ಟರ್ ಎರಡು ಸಲ ನೋಡಿದರು. ಬಳಿಕ ಪೆನ್ನು, ಟಾರ್ಚು ಹಿಡಿದು ಆಚೆ ಈಚೆ ಆಡಿಸಿದರು. ಮೂರನೆಯ ವಿಧವೇ ಎಂದರು. ಡ್ರಿಪ್‌ಗೆ ಅರ್ಜಿ ಹಾಕಿಸಿದ್ದಾರೆ. ಆಂಬ್ರಾಕ್ಸಾಲ್ ಬಗ್ಗೆ ಕೇಳಲು ಅಣ್ಣ ನಾಚಿಕೊಂಡ, ನಾನೇ ಕೇಳಿದೆ. ಅವರು ನಗಲಿಲ್ಲ. ಮೊದಲು ಡ್ರಿಪ್ ಶುರುವಾಗಲಿ, ಮೂರು ತಿಂಗಳ ನಂತರ ಅದನ್ನು ಚರ್ಚಿಸೋಣ ಎಂದು ಕಡತದಲ್ಲಿ ಬರೆದುಕೊಂಡರು. ಜಯನಗರದವರು ಬೆಳಿಗ್ಗೆ ಆರಕ್ಕೇ ಬಸ್ ನಿಲ್ದಾಣಕ್ಕೆ ಬಂದಿದ್ದರು.

ಹ್ಯಾಂಬರ್ಗ್_ಕನ್ನಡತಿ
ನಾಚಿಕೊಳ್ಳದೆ ಕೇಳಿದ್ದು ಒಳ್ಳೆಯದಾಯಿತು.

ಸುಮ್ಮನೆ_ಓದುವವಳು
ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನನ್ನ ಮಗಳಿಗೂ ಗುಲ್ಮ ದೊಡ್ಡದಿತ್ತು, ಕಾರಣ ಬೇರೆ. ಎಲಾಸ್ಟಿಕ್ ಚಡ್ಡಿ ಬೇಡ, ಒತ್ತುತ್ತದೆ. ಲಾಡಿ ಹಾಕಿಸಿ, ಸಡಿಲವಾಗಿ ಕಟ್ಟಿ. ಮಕ್ಕಳ ಗುಂಪಿನಲ್ಲಿ ಹೊಟ್ಟೆಗೆ ಏಟು ಬೀಳದಂತೆ ನೋಡಿಕೊಳ್ಳಿ, ಊದಿದ ಗುಲ್ಮ ಒಡೆಯಬಹುದು ಎಂದು ನಮಗೆ ಹೇಳಿದ್ದರು.

ತಿಪಟೂರಿನ_ಅತ್ತೆ
ಇವತ್ತೇ ಹಾಕಿಸಿದೆ. ಮೂರು ಚಡ್ಡಿಗೆ ಅರವತ್ತು ರೂಪಾಯಿ. ಲಾಡಿ ಕಟ್ಟುವುದನ್ನು ಅವನಿಗೇ ಕಲಿಸುತ್ತಿದ್ದೇನೆ, ಇನ್ನೂ ಗಂಟು ಬೀಳುತ್ತಿದೆ.